ತಲೆ ಹಿಡಿಯೋಕೆ ಒಬ್ಬರು ಬೇಕು

ಶಿಂಡ್ಲರ್ ಅಂದ್ರೆ ನಮಗೆ ನೆನಪಾಗೋದು ಎರಡೇ. ಒಂದು ಲಿಫ್ಟಿನ ಮೇಲಿರೋ ಹೆಸರು, ಇನ್ನೊಂದು ಸ್ಪೀಲ್‌ಬರ್ಗ್ ಸಿನಿಮಾ. ಈ ಲೇಖನದ ಶಿಂಡ್ಲರ್ ಬೇರೆ. ಇವರು ರುಡಾಲ್ಫ್ ಶಿಂಡ್ಲರ್, ಹೊಟ್ಟೆ ಡಾಕ್ಟರು. ಇಂಟರ್ನಲ್ಸ್ ಬಂದಾಗ ಊಟ ಬಿಟ್ಟು, ಬರೀ ಕಾಫಿ ಮೇಲೆ ಬದುಕಿ, ಆಮೇಲೆ ಹೊಟ್ಟೆ ಹಿಡ್ಕೊಂಡು ಕೂರೋ ನಮ್ಮಂಥವರಲ್ಲಿ ಯಾರಿಗಾದ್ರೂ ಡಾಕ್ಟರು ಎಂಡೋಸ್ಕೋಪಿ ಬರೆದುಕೊಟ್ಟರೆ, ಆ ಚೀಟಿಯ ಹಿಂದೆ ಇವರ ಅರ್ಧ ಜೀವಮಾನದ ಕೆಲಸ ಇದೆ.

ಮೊದಲು ಪ್ರಾಬ್ಲಂ ಏನು ಅಂತ ನೋಡೋಣ. ಬಾಯಿಂದ ಜಠರಕ್ಕೆ ಹೋಗೋ ದಾರಿ ನೇರ ಇಲ್ಲ. ಬಾಯಿ ಅಡ್ಡ, ಅನ್ನನಾಳ ಉದ್ದ, ಮಧ್ಯೆ ಗಂಟಲಲ್ಲಿ ಒಂದು ತಿರುವು. ಬೆಳಕು ಮಾತ್ರ ನೇರವಾಗೇ ಹೋಗತ್ತೆ. ಹಾಗಿದ್ದ ಮೇಲೆ ಒಳಗೆ ನೋಡೋದು ಹೇಗೆ? 1868ರಲ್ಲಿ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಅಡಾಲ್ಫ್ ಕುಸ್‌ಮೌಲ್ ಅನ್ನೋ ಪ್ರೊಫೆಸರ್ ಇದಕ್ಕೊಂದು ಉಪಾಯ ಹುಡುಕಿದ್ರು. ಕತ್ತಿ ನುಂಗೋ ಕಸುಬಿನವನೊಬ್ಬನನ್ನು ಕರೆಸಿ ಅವನ ಗಂಟಲಿಗೆ ನೇರವಾದ ಲೋಹದ ಕೊಳವೆ ಇಳಿಸಿದರು. ಕತ್ತಿ ನುಂಗೋನು ತಲೆ ಹಿಂದಕ್ಕೆ ಬಾಗಿಸಿ ಬಾಯಿ, ಗಂಟಲು, ಅನ್ನನಾಳ ಮೂರನ್ನೂ ಒಂದೇ ಗೆರೆಗೆ ತರಬಲ್ಲ. ಕೊಳವೆಯೇನೋ ಇಳೀತು, ಆದ್ರೆ ಬೆಳಕು ಸಾಲಲಿಲ್ಲ, ಹೊಟ್ಟೆಯಲ್ಲಿದ್ದ ದ್ರವವೂ ಅಡ್ಡ ಬಂತು. ಪ್ರಯೋಗ ಅಲ್ಲಿಗೇ ನಿಂತಿತು. ಹೊಟ್ಟೆನೋವು ಅಂತ ಬರೋ ಜನ ಕತ್ತಿ ನುಂಗೋರಲ್ಲವಲ್ಲ.

ಶಿಂಡ್ಲರ್ ಹುಟ್ಟಿದ್ದು 1888ರಲ್ಲಿ, ಬರ್ಲಿನ್‌ನಲ್ಲಿ, ಯಹೂದಿ ಮೂಲದ ಮನೆತನದಲ್ಲಿ. ಮೊದಲ ಮಹಾಯುದ್ಧದಲ್ಲಿ ಸೇನೆಯ ಡಾಕ್ಟರಾಗಿದ್ದಾಗ ಹೊಟ್ಟೆನೋವು ಅಂತ ಬರೋ ಸೈನಿಕರನ್ನ ತುಂಬಾ ನೋಡಿದರು. ಜಠರದ ಒಳಪದರ ಊದಿಕೊಳ್ಳೋ ಕಾಯಿಲೆ, ಅಂದ್ರೆ ಗ್ಯಾಸ್ಟ್ರೈಟಿಸ್, ನಿಜವಾಗ್ಲೂ ಇದೆ ಅನ್ನೋದು ಅವರ ನಂಬಿಕೆ. ಆದ್ರೆ ಅದನ್ನ ತೋರಿಸೋದು ಹೇಗೆ? ಸತ್ತವರ ಹೊಟ್ಟೆ ಕೊಯ್ದು ನೋಡಿದ್ರೆ ಉಪಯೋಗ ಇಲ್ಲ. ಪ್ರಾಣ ಹೋದ ಮೇಲೆ ಜಠರರಸ ತನ್ನದೇ ಗೋಡೆಯನ್ನ ಅರಗಿಸೋಕೆ ಶುರುಮಾಡತ್ತೆ. ಕಾಣೋದು ಕಾಯಿಲೆನಾ, ಸತ್ತ ಮೇಲೆ ಆಗಿದ್ದಾ ಅಂತ ಹೇಳೋದು ಕಷ್ಟ. ನಮ್ಮ ಭಾಷೇಲಿ ಹೇಳೋದಾದ್ರೆ, ಸಿಸ್ಟಮ್ ಓಡ್ತಾ ಇರುವಾಗಲೇ ಡೀಬಗ್ ಮಾಡಬೇಕು, ಶಟ್‌ಡೌನ್ ಆದ ಮೇಲೆ ಸಿಗೋ ಡೇಟಾ ಕೆಟ್ಟಿರತ್ತೆ.

ಯುದ್ಧ ಮುಗಿದ ಮೇಲೆ ಮ್ಯೂನಿಕ್‌ನ ಶ್ವಾಬಿಂಗ್ ಆಸ್ಪತ್ರೆಯಲ್ಲಿ ಕೆಲಸಕ್ಕೆ ನಿಂತರು. ತಮ್ಮದೇ ಒಂದು ಗ್ಯಾಸ್ಟ್ರೋಸ್ಕೋಪ್ ಮಾಡಿಸಿಕೊಂಡು ನೂರಾರು ಜನರ ಹೊಟ್ಟೆ ನೋಡಿದರು, 1923ರಲ್ಲಿ ಚಿತ್ರಗಳ ಸಮೇತ ದೊಡ್ಡ ಪುಸ್ತಕವನ್ನೂ ತಂದರು. ಆದ್ರೆ ಆ ಉಪಕರಣ ಇನ್ನೂ ಗಟ್ಟಿ ಕೊಳವೆಯೇ. ಗಟ್ಟಿ ಕೊಳವೆ ಅಂದ್ರೆ ಅನ್ನನಾಳ ತೂತಾಗೋ ಭಯ. ಆಂಟಿಬಯಾಟಿಕ್ ಇಲ್ಲದ ಆ ಕಾಲದಲ್ಲಿ ತೂತಾದ್ರೆ ಬದುಕೋದು ಅಪರೂಪ. ಕಾಯಿಲೆ ಏನು ಅಂತ ತಿಳಿಯೋಕೆ ಬಂದವರು ಪರೀಕ್ಷೆಯಿಂದಲೇ ಹೋಗಿಬಿಡಬಹುದಿತ್ತು. ಹಾಗಾಗಿ ಬಹಳ ಡಾಕ್ಟರುಗಳು ಈ ಪರೀಕ್ಷೆಯ ಹತ್ತಿರಾನೇ ಹೋಗ್ತಿರಲಿಲ್ಲ.

ಬರ್ಲಿನ್‌ನಲ್ಲಿ ಗೇಯೋರ್ಗ್ ವೋಲ್ಫ್ ಅಂತ ಒಬ್ಬ ಉಪಕರಣ ತಯಾರಕ ಇದ್ದರು. 1928ರಿಂದ ಇಬ್ಬರೂ ಸೇರಿ ಮಾದರಿ ಮೇಲೆ ಮಾದರಿ ಮಾಡಿ, 1932ರಲ್ಲಿ ಕೆಳಭಾಗ ಬಾಗೋ ಗ್ಯಾಸ್ಟ್ರೋಸ್ಕೋಪ್ ತಯಾರು ಮಾಡಿದರು. ನಮಗೆ ತುಂಬಾ ಇಷ್ಟವಾಗೋ ಭಾಗ ಇದು. ಕೊಳವೆ ಬಾಗಿದ್ರೆ ಚಿತ್ರ ಹೇಗೆ ಬರತ್ತೆ? ಕಡಿಮೆ ಫೋಕಲ್ ಲೆಂತಿನ ಪುಟ್ಟ ಲೆನ್ಸ್‌ಗಳನ್ನ ಹತ್ತಿರ ಹತ್ತಿರ ಸಾಲಾಗಿ ಜೋಡಿಸಿದ್ರೆ, ಒಂದರಿಂದ ಇನ್ನೊಂದಕ್ಕೆ ಕೋನ ಸ್ವಲ್ಪವೇ ಬದಲಾಗತ್ತೆ. ಹೀಗೆ ಕೈಯಿಂದ ಕೈಗೆ ದಾಟಿಸಿದ ಹಾಗೆ ಚಿತ್ರ ಮೇಲೆ ಬರತ್ತೆ. ತುದಿಯಲ್ಲಿ ರಬ್ಬರು, ಅದರ ಹತ್ತಿರ ಸಣ್ಣ ಎಲೆಕ್ಟ್ರಿಕ್ ಬಲ್ಬು, ಜಠರವನ್ನ ಉಬ್ಬಿಸೋಕೆ ಗಾಳಿ ಪಂಪು. ಬಾಗೋದು ಮೂವತ್ತು ಡಿಗ್ರಿ ಆಸುಪಾಸು ಅಷ್ಟೆ, ಅದಕ್ಕಿಂತ ಹೆಚ್ಚು ಬಗ್ಗಿಸಿದ್ರೆ ಚಿತ್ರ ಹೋಗಿಬಿಡತ್ತೆ. ಜಠರದ ಕೆಲವು ಮೂಲೆಗಳು ಕಾಣ್ತಾನೇ ಇರಲಿಲ್ಲ. ಆದ್ರೂ ಆ ಮೂವತ್ತು ಡಿಗ್ರಿ ಎಷ್ಟೋ ಜೀವ ಉಳಿಸಿತು.

ಉಪಕರಣ ಒಳ್ಳೇದಾದ್ರೆ ಸಾಲದು ಅಂತ ಶಿಂಡ್ಲರ್‌ಗೆ ಚೆನ್ನಾಗಿ ಗೊತ್ತಿತ್ತು. ರೋಗಿ ರಾತ್ರಿಯಿಂದ ಉಪವಾಸ ಇರಬೇಕು. ಹೊಟ್ಟೆಯಲ್ಲಿ ಉಳಿದಿದ್ದನ್ನ ಮೊದಲೇ ತೆಳ್ಳನೆ ಟ್ಯೂಬಿನಿಂದ ತೆಗೀಬೇಕು. ಗಂಟಲಿಗೆ ಮರಗಟ್ಟೋ ಔಷಧ, ಮೈ ಸಡಿಲವಾಗೋಕೆ ಇನ್ನೊಂದು ಔಷಧ. ಎಡಮಗ್ಗುಲಿಗೆ ಮಲಗಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ರೋಗಿಯ ತಲೆಯನ್ನ ಒಬ್ಬರು ಸರಿಯಾಗಿ ಹಿಡ್ಕೊಂಡಿರಬೇಕು. ಕೊಳವೆ ಇಳಿಯುವಾಗ ಕತ್ತನ್ನ ಎಷ್ಟು ಹಿಂದಕ್ಕೆ ತರಬೇಕು, ಯಾವಾಗ ಸಡಿಲ ಬಿಡಬೇಕು ಅನ್ನೋದೆಲ್ಲ ಆ ಕೈಗಳ ಮೇಲೆ ನಿಂತಿರತ್ತೆ. ಶಿಂಡ್ಲರ್ ಪಕ್ಕದಲ್ಲಿ ಆ ಕೈಗಳು ಅವರ ಹೆಂಡತಿ ಗೇಬ್ರಿಯೆಲೆಯವರದು. ಬಾಯಲ್ಲಿ ಕೊಳವೆ ಇರೋವಾಗ ರೋಗಿ ಮಾತಾಡೋ ಹಾಗಿಲ್ಲ, ಹೆದರಿಕೆ ಬೇರೆ. ಡಾಕ್ಟರ ಕಣ್ಣು ಲೆನ್ಸಿನಲ್ಲಿ ಇರತ್ತೆ. ರೋಗಿಯ ಮುಖ ನೋಡ್ತಾ ಇರೋದು ಗೇಬ್ರಿಯೆಲೆ ಒಬ್ಬರೇ. ಪೇಪರುಗಳಲ್ಲಿ ಹೆಸರು ಬರೋದು ಶಿಂಡ್ಲರ್‌ದು, ಅದು ಬೇರೆ ಮಾತು.

ಉಪಕರಣ ಸಿದ್ಧವಾದ ಮರುವರ್ಷವೇ ಹಿಟ್ಲರ್ ಅಧಿಕಾರಕ್ಕೆ ಬಂದ. 1934ರಲ್ಲಿ ಶಿಂಡ್ಲರ್ ಅವರನ್ನ ಹಿಡಿದು ಡಕಾವ್ ಶಿಬಿರಕ್ಕೆ ಹಾಕಿದರು. ಮ್ಯೂನಿಕ್‌ನಿಂದ ಡಕಾವ್ ಸುಮಾರು 20 ಕಿಲೋಮೀಟರ್, ಅಂದ್ರೆ ಅವರು ಕೆಲಸ ಮಾಡ್ತಿದ್ದ ಊರಿನ ಪಕ್ಕದಲ್ಲೇ. ಅವರ ಕೆಲಸ ಗೊತ್ತಿದ್ದ ಶಿಕಾಗೋ ವಿಶ್ವವಿದ್ಯಾಲಯದ ಡಾಕ್ಟರು ವಾಲ್ಟರ್ ಪಾಮರ್ ಮುಂತಾದವರ ಪ್ರಯತ್ನದಿಂದ ಅಮೆರಿಕಾಕ್ಕೆ ದಾರಿ ಆಯ್ತು, ಅದೇ ವರ್ಷ ಕುಟುಂಬ ಶಿಕಾಗೋ ಸೇರಿತು. ನಲವತ್ತಾರನೇ ವಯಸ್ಸಲ್ಲಿ ಹೊಸ ದೇಶ, ಹೊಸ ಭಾಷೆ, ಎಲ್ಲ ಮೊದಲಿಂದ. ಜರ್ಮನಿಗೆ ಆದ ನಷ್ಟ ಅಮೆರಿಕಾಕ್ಕೆ ಲಾಭ ಅಂತ ಸುಲಭವಾಗಿ ಹೇಳಿಬಿಡಬಹುದು. ಡಕಾವ್‌ನಿಂದ ಆಚೆ ಬರಲಾಗದೇ ಹೋದವರ ಲೆಕ್ಕ ಮಾತ್ರ ಯಾವ ದೇಶದ ಪುಸ್ತಕದಲ್ಲೂ ಲಾಭದ ಕಡೆ ಬರಲ್ಲ.

ಶಿಕಾಗೋದಲ್ಲಿ ಮತ್ತೆ ಅದೇ ಜೋಡಿ. ಅವರು ನೋಡೋದು, ಇವರು ತಲೆ ಹಿಡಿಯೋದು. ಬೇರೆ ಬೇರೆ ಊರಿನ ಡಾಕ್ಟರುಗಳು ಕಲಿಯೋಕೆ ಬಂದರು. 1941ರಲ್ಲಿ ಅಮೆರಿಕನ್ ಗ್ಯಾಸ್ಟ್ರೋಸ್ಕೋಪಿಕ್ ಕ್ಲಬ್ ಹುಟ್ಟಿತು, ಶಿಂಡ್ಲರ್ ಅದರ ಮೊದಲ ಅಧ್ಯಕ್ಷರು. ಅದಕ್ಕೂ ಮುಂಚೆ ಅವರು ಇನ್ನೊಂದು ಕೆಲಸ ಮಾಡಿದ್ದರು, ನಮಗೆ ಅದೇ ದೊಡ್ಡದು ಅನಿಸತ್ತೆ. ಬಾಗೋ ಗ್ಯಾಸ್ಟ್ರೋಸ್ಕೋಪ್ ಬಳಸೋ ಡಾಕ್ಟರುಗಳಿಗೆಲ್ಲ ಪ್ರಶ್ನಾವಳಿ ಕಳಿಸಿ, ಎಷ್ಟು ಜನಕ್ಕೆ ಮಾಡಿದ್ರಿ, ಎಷ್ಟು ಅಪಾಯ ಆಯ್ತು ಅಂತ ವಿಚಾರಿಸಿದರು. 22 ಸಾವಿರಕ್ಕೂ ಹೆಚ್ಚು ಪರೀಕ್ಷೆಗಳಲ್ಲಿ ಒಂದು ಸಾವು ಅಂತ 1940ರಲ್ಲಿ ಪ್ರಕಟಿಸಿದರು. ತಾನು ಮಾಡಿದ ಯಂತ್ರದಿಂದ ಎಷ್ಟು ಜನ ಸತ್ತರು ಅಂತ ತಾನೇ ಕೇಳಿ ಬರೆಯೋ ಡಿಸೈನರ್ ಎಷ್ಟು ಜನ ಸಿಗ್ತಾರೆ?

1943ರಲ್ಲಿ ಲಾಸ್ ಏಂಜಲಿಸ್‌ಗೆ ಹೋದರು. 1950ರ ದಶಕದ ಕೊನೆಗೆ ಸ್ವಲ್ಪ ಕಾಲ ಬ್ರೆಜಿಲ್‌ನಲ್ಲೂ ಪಾಠ ಮಾಡಿದರು.

ಅಷ್ಟರಲ್ಲಿ ಅವರ ಲೆನ್ಸ್ ಸಾಲಿನ ಕಾಲ ಮುಗೀತಾ ಬಂದಿತ್ತು. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ 1954ರಲ್ಲಿ ಲಂಡನ್‌ನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಜೊತೆ ಗಾಜಿನ ಎಳೆಗಳ ಕಟ್ಟಿನಿಂದ ಚಿತ್ರ ಸಾಗಿಸಿ ತೋರಿಸಿದ್ದರು. ಆದ್ರೆ ಎಳೆಯಿಂದ ಎಳೆಗೆ ಬೆಳಕು ಸೋರ್ತಿತ್ತು. ಮಿಶಿಗನ್‌ನಲ್ಲಿ ಲ್ಯಾರಿ ಕರ್ಟಿಸ್ ಅನ್ನೋ ಫಿಸಿಕ್ಸ್ ವಿದ್ಯಾರ್ಥಿ, ನಮ್ಮ ಹಾಗೆ ಇನ್ನೂ ಡಿಗ್ರಿ ಓದ್ತಿದ್ದವನು, 1956ರ ಡಿಸೆಂಬರಿನಲ್ಲಿ ಪ್ರತಿ ಎಳೆಗೂ ಬೇರೆ ಗಾಜಿನ ಕವಚ ಹಾಕಿ ಸೋರಿಕೆ ನಿಲ್ಲಿಸಿದ. ಮರುವರ್ಷ ಬೇಸಿಲ್ ಹಿರ್ಶೋವಿಟ್ಸ್ ಆ ಹೊಸ ಉಪಕರಣವನ್ನ ಮೊದಲು ತಾವೇ ನುಂಗಿ ನೋಡಿ, ಆಮೇಲೆ ರೋಗಿಗೆ ಹಾಕಿದರು.

ಈಗ ತುದಿಯಲ್ಲೇ ಕ್ಯಾಮೆರಾ ಚಿಪ್ ಇರತ್ತೆ, ಹೊಟ್ಟೆ ಸ್ಕ್ರೀನ್ ಮೇಲೆ ಕಾಣತ್ತೆ. ಆದ್ರೆ ಚೀಟಿಯ ಮೇಲೆ ಬರೆದುಕೊಡೋ ಸೂಚನೆಗಳನ್ನ ಓದಿದ್ರೆ ಶಿಂಡ್ಲರ್ ಅವರ ಪಟ್ಟಿಯೇ. ಆರರಿಂದ ಎಂಟು ಗಂಟೆ ಏನೂ ತಿನ್ನಬಾರದು, ಗಂಟಲಿಗೆ ಸ್ಪ್ರೇ, ಎಡಮಗ್ಗುಲು. ಮುಗಿದ ಮೇಲೆ ಗಂಟಲಿನ ಮರಗಟ್ಟು ಬಿಡೋವರೆಗೂ ನೀರೂ ಕುಡಿಯಬಾರದು, ಇಲ್ಲಾಂದ್ರೆ ಶ್ವಾಸನಾಳಕ್ಕೆ ಹೋಗತ್ತೆ. ಒಂದೆರಡು ದಿನ ಗಂಟಲು ಕೆರೆಯತ್ತೆ, ಒಳಗೆ ಬಿಟ್ಟ ಗಾಳಿ ತೇಗಾಗಿ ಹೋಗತ್ತೆ. ಮಂಪರು ಬರೋ ಇಂಜೆಕ್ಷನ್ ಕೊಟ್ಟಿದ್ರೆ ಆವತ್ತು ಬೈಕ್ ಮುಟ್ಟೋ ಹಾಗಿಲ್ಲ, ಜೊತೆಗೆ ಯಾರಾದ್ರೂ ಬರಲೇಬೇಕು. ರೂಮ್‌ಮೇಟ್ ಇರೋದೇ ಅದಕ್ಕೆ. ಜೋರಾಗಿ ಎದೆನೋವು, ಹೊಟ್ಟೆನೋವು, ಜ್ವರ, ರಕ್ತವಾಂತಿ, ಮಲ ಕಪ್ಪಗಾಗೋದು, ಇವುಗಳಲ್ಲಿ ಯಾವುದು ಬಂದ್ರೂ ತಕ್ಷಣ ಆಸ್ಪತ್ರೆಗೆ ವಾಪಸ್ ಹೋಗಬೇಕು. ಶಿಂಡ್ಲರ್ ಕಾಲದಲ್ಲಿ ಎಲ್ಲರೂ ಹೆದರ್ತಿದ್ದ ತೂತು ಈಗ ತುಂಬಾ ಅಪರೂಪ, ಆದ್ರೂ ಇಲ್ಲವೇ ಇಲ್ಲ ಅಂತಲ್ಲ.

ಗೇಬ್ರಿಯೆಲೆ ತೀರಿಕೊಂಡ ಮೇಲೆ ಶಿಂಡ್ಲರ್ ಮ್ಯೂನಿಕ್‌ಗೆ ಹಿಂತಿರುಗಿದರು, ತಮ್ಮನ್ನ ಓಡಿಸಿದ ಅದೇ ಊರಿಗೆ. 1968ರಲ್ಲಿ ಅಲ್ಲೇ ತೀರಿಕೊಂಡರು. ಅಮೆರಿಕಾದ ಎಂಡೋಸ್ಕೋಪಿ ಡಾಕ್ಟರುಗಳ ಸಂಘ ಕೊಡೋ ದೊಡ್ಡ ಪ್ರಶಸ್ತಿಗೆ ರುಡಾಲ್ಫ್ ಶಿಂಡ್ಲರ್ ಹೆಸರಿದೆ. ಅಲ್ಲಿನ ಎಂಡೋಸ್ಕೋಪಿ ನರ್ಸ್‌ಗಳ ಸಂಘವೂ ಒಂದು ಪ್ರಶಸ್ತಿ ಕೊಡತ್ತೆ, ಅದು ಗೇಬ್ರಿಯೆಲೆ ಶಿಂಡ್ಲರ್ ಹೆಸರಲ್ಲಿ.