ಪರಮಾಣು ವಿಜ್ಞಾನಿ ಡಾ. ರಾಜಾ ರಾಮಣ್ಣ: ತುಮಕೂರಿನಿಂದ ಟ್ರಾಂಬೆಯವರೆಗೆ

ಕಾರವಾರ ತಾಲ್ಲೂಕಿನ ಕೈಗಾದಲ್ಲಿ ಉತ್ಪಾದನೆಯಾಗುವ ವಿದ್ಯುತ್ತಿನ ಒಂದು ಭಾಗ 400 ಕಿಲೋವೋಲ್ಟ್ ಮಾರ್ಗದಲ್ಲಿ ಘಟ್ಟದ ಕಾಡು ದಾಟಿ ಧಾರವಾಡದ ಬಳಿಯ ನರೇಂದ್ರ ಗ್ರಾಮದ ಉಪಕೇಂದ್ರ ಸೇರುತ್ತದೆ. ಅಲ್ಲಿಂದ ಮುಂದೆ ಅದು ಬೇರೆ ಕಡೆಯಿಂದ ಬಂದ ವಿದ್ಯುತ್ತಿನೊಡನೆ ಬೆರೆತುಹೋಗುತ್ತದೆ. ಕಲಘಟಗಿಯ ಮನೆಯ ದೀಪದಲ್ಲಿ, ನವಲಗುಂದದ ಹಿಟ್ಟಿನ ಗಿರಣಿಯಲ್ಲಿ, ಕುಂದಗೋಳ ಅಣ್ಣಿಗೇರಿಗಳ ಶಾಲೆಗಳಲ್ಲಿ ಕೈಗಾದ ಪಾಲು ಎಷ್ಟೆಂದು ಬೇರ್ಪಡಿಸಿ ಹೇಳಲಾಗದು. ಬಯಲುಸೀಮೆಯವರಿಗೆ ಕೈಗಾ ದೂರದ ಹೆಸರು, ಕರಾವಳಿಯ ನಮಗೆ ನೆರೆಯೂರು. ಹೀಗಿದ್ದರೂ, ದೇಶದಲ್ಲಿ ಈ ಕೆಲಸವನ್ನು ಕಟ್ಟಿ ನಿಲ್ಲಿಸಿದ ಮೊದಲ ತಲೆಮಾರಿನ ಪ್ರಮುಖರಲ್ಲಿ ಒಬ್ಬರು ಕನ್ನಡಿಗರೆಂಬುದು ನಮ್ಮ ಮಕ್ಕಳಲ್ಲಿ ಅನೇಕರಿಗೆ ತಿಳಿದಿಲ್ಲ. ಅವರೇ ಡಾ. ರಾಜಾ ರಾಮಣ್ಣ.

ರಾಮಣ್ಣನವರು 1925ರ ಜನವರಿ 28ರಂದು ತುಮಕೂರಿನಲ್ಲಿ ಜನಿಸಿದರು. ತಂದೆ ಬಿ. ರಾಮಣ್ಣ ಮೈಸೂರು ಸಂಸ್ಥಾನದ ನ್ಯಾಯಾಂಗ ಸೇವೆಯಲ್ಲಿದ್ದರು. ತಾಯಿ ರುಕ್ಮಿಣಿಯಮ್ಮ. ಚಿಕ್ಕಂದಿನಲ್ಲೇ ಪಿಯಾನೊ ಕಲಿತ ಹುಡುಗನ ವಾದನವನ್ನು ಪಾಶ್ಚಾತ್ಯ ಸಂಗೀತದ ಪೋಷಕರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರೂ ಕೇಳಿ ಮೆಚ್ಚಿದ್ದರು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ತಾಂಬರಂನ ಮದ್ರಾಸ್ ಕ್ರಿಶ್ಚಿಯನ್ ಕಾಲೇಜುಗಳಲ್ಲಿ ಓದಿದ ಅವರು ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದರು.

ಅವರ ಬದುಕಿನ ದಿಕ್ಕು ಬದಲಾದದ್ದು ಸಂಗೀತದಿಂದಲೇ. 1944ರಲ್ಲಿ ಸಂಗೀತ ಪರೀಕ್ಷೆ ನಡೆಸಲು ಇಂಗ್ಲೆಂಡಿನಿಂದ ಬಂದಿದ್ದ ಪರೀಕ್ಷಕರೊಬ್ಬರ ಮೂಲಕ ಅವರಿಗೆ ಡಾ. ಹೋಮಿ ಭಾಭಾ ಅವರ ಪರಿಚಯವಾಯಿತು. ಭಾಭಾ ಅವರೂ ಸಂಗೀತಪ್ರಿಯರು. ಆ ಪರಿಚಯ ಮುಂದುವರಿದು 1949ರಲ್ಲಿ ರಾಮಣ್ಣನವರು ಬೊಂಬಾಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು.

ಅವರು ಆರಿಸಿಕೊಂಡ ವಿಷಯ ಆಗ ಹೊಸದು. 1938ರ ಡಿಸೆಂಬರಿನಲ್ಲಿ ಬರ್ಲಿನ್ನಿನ ರಸಾಯನಶಾಸ್ತ್ರಜ್ಞರಾದ ಒಟ್ಟೊ ಹಾನ್ ಮತ್ತು ಫ್ರಿಟ್ಜ್ ಸ್ಟ್ರಾಸ್‌ಮನ್ ಅವರು ಯುರೇನಿಯಂಗೆ ನ್ಯೂಟ್ರಾನ್ ತಾಗಿಸಿದಾಗ ಅದರಲ್ಲಿ ಬೇರಿಯಂ ಕಂಡುಬಂದಿತ್ತು. ಯುರೇನಿಯಂ ಪರಮಾಣುವಿನ ನಡುವಿನ ನ್ಯೂಕ್ಲಿಯಸ್ ಎರಡಾಗಿ ಸೀಳಿತ್ತು ಎಂಬ ವಿವರಣೆಯನ್ನು ಲೀಸ ಮೈಟ್ನರ್ ಮತ್ತು ಒಟ್ಟೊ ಫ್ರಿಶ್ ನೀಡಿದರು. ಆಗ ರಾಮಣ್ಣನವರಿಗೆ 13 ವರ್ಷ. ಹೀಗೆ ಸೀಳುವಾಗ ಚೂರುಗಳು ಸಾಮಾನ್ಯವಾಗಿ ಸಮನಾಗಿರುವುದಿಲ್ಲ. ಒಂದು ದೊಡ್ಡದು, ಇನ್ನೊಂದು ಚಿಕ್ಕದು. ಜೊತೆಗೆ ಎರಡು ಮೂರು ನ್ಯೂಟ್ರಾನುಗಳೂ ಅಪಾರ ಶಾಖವೂ ಹೊರಬರುತ್ತವೆ. ರಸಾಯನಶಾಸ್ತ್ರಜ್ಞರು ಕಂಡ ಈ ಸೀಳುವಿಕೆಯ ಒಳಗುಟ್ಟನ್ನು ಹುಡುಕುವುದೇ ಭೌತವಿಜ್ಞಾನಿ ರಾಮಣ್ಣನವರ ಸಂಶೋಧನೆಯಾಯಿತು.

1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಏಷ್ಯಾದ ಮೊದಲ ಸಂಶೋಧನಾ ರಿಯಾಕ್ಟರ್ 'ಅಪ್ಸರಾ' ಕೆಲಸ ಆರಂಭಿಸಿದಾಗ ಅದನ್ನು ಕಟ್ಟಿದ ತಂಡದಲ್ಲಿ ಅವರಿದ್ದರು. ಮರುವರ್ಷ, 1957ರಲ್ಲಿ, ಟ್ರಾಂಬೆಯ ತರಬೇತಿ ಶಾಲೆ ಆರಂಭವಾಯಿತು. ಕಾಲೇಜು ಮುಗಿಸಿದ ಭೌತ, ರಸಾಯನ, ಎಂಜಿನಿಯರಿಂಗ್ ಪದವೀಧರರನ್ನು ಆರಿಸಿ, ವರ್ಷಕಾಲ ಕಲಿಸಿ, ಕೆಲಸಕ್ಕೆ ತೆಗೆದುಕೊಳ್ಳುವ ವ್ಯವಸ್ಥೆ ಅದು. ಅದನ್ನು ರೂಪಿಸುವಲ್ಲಿ ರಾಮಣ್ಣನವರ ಶ್ರಮ ದೊಡ್ಡದು. ಯಂತ್ರಕ್ಕಿಂತ ಮೊದಲು ಮನುಷ್ಯರನ್ನು ತಯಾರು ಮಾಡಬೇಕೆಂಬುದನ್ನು ಅವರು ಚೆನ್ನಾಗಿ ಅರಿತಿದ್ದರು.

1966ರ ಜನವರಿಯಲ್ಲಿ ಭಾಭಾ ಅವರು ವಿಮಾನ ಅಪಘಾತದಲ್ಲಿ ತೀರಿಕೊಂಡರು. 1972ರಲ್ಲಿ ರಾಮಣ್ಣನವರು ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನಿರ್ದೇಶಕರಾದರು. 1974ರ ಮೇ 18ರ ಬೆಳಿಗ್ಗೆ ರಾಜಸ್ಥಾನದ ಪೋಖ್ರಾನ್ ಮರುಭೂಮಿಯಲ್ಲಿ, 100 ಮೀಟರಿಗೂ ಹೆಚ್ಚು ಆಳದಲ್ಲಿ, ಭಾರತದ ಮೊದಲ ಅಣುಸ್ಫೋಟ ನಡೆಯಿತು. ಅದರ ಮುಂದಾಳತ್ವ ಅವರದು. ಸರ್ಕಾರ ಅದನ್ನು ಶಾಂತಿಯುತ ಉದ್ದೇಶದ ಸ್ಫೋಟವೆಂದು ಕರೆಯಿತು. ಅದು ಬಾಂಬೇ ಆಗಿತ್ತೆಂದು 1997ರಲ್ಲಿ ರಾಮಣ್ಣನವರೇ ಬಹಿರಂಗವಾಗಿ ಒಪ್ಪಿಕೊಂಡರು.

ಅದಕ್ಕೆ ಬಳಸಿದ ಪ್ಲುಟೋನಿಯಂ ಕೆನಡಾದ ನೆರವಿನಿಂದ ಕಟ್ಟಿದ 'ಸೈರಸ್' ರಿಯಾಕ್ಟರಿನಲ್ಲಿ ತಯಾರಾಗಿತ್ತು. ಆದುದರಿಂದ ಕೆನಡಾ ತನ್ನ ಸಹಕಾರ ನಿಲ್ಲಿಸಿತು. ಇತರ ದೇಶಗಳೂ ಬಾಗಿಲು ಮುಚ್ಚಿದವು. ರಾಜಸ್ಥಾನದ ರಾವತ್‌ಭಾಟಾದಲ್ಲಿ ಅರ್ಧಕ್ಕೆ ನಿಂತ ಎರಡನೇ ರಿಯಾಕ್ಟರನ್ನು ನಮ್ಮ ಎಂಜಿನಿಯರುಗಳೇ ಪೂರೈಸಬೇಕಾಯಿತು. ಇಂಧನದಿಂದ ಹಿಡಿದು ಭಾರಜಲದವರೆಗೆ ಎಲ್ಲವನ್ನೂ ಇಲ್ಲೇ ಮಾಡಿಕೊಳ್ಳಬೇಕಾಯಿತು. ಕೈಗಾದಂತಹ ಸ್ವದೇಶಿ ಸ್ಥಾವರಗಳು ಮೂಡಿದ್ದು ಈ ಒತ್ತಡದಲ್ಲಿ. ಪೋಖ್ರಾನಿನ ಬಾಂಬಿಗೂ ನಮ್ಮ ಮನೆಯ ದೀಪಕ್ಕೂ ಇರುವ ನಂಟು ಇದು.

1978ರಿಂದ 1981ರವರೆಗೆ ಅವರು ರಕ್ಷಣಾ ಸಚಿವರ ವೈಜ್ಞಾನಿಕ ಸಲಹೆಗಾರರಾಗಿದ್ದರು. ನಂತರ ಟ್ರಾಂಬೆಗೆ ಮರಳಿ, 1983ರಿಂದ 1987ರವರೆಗೆ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾದರು. ಕೈಗಾ ಯೋಜನೆಗೆ ರೂಪ ಬಂದದ್ದು ಆ ವರ್ಷಗಳಲ್ಲಿ. ಕಾಳಿ ಕಣಿವೆಯ ದಟ್ಟ ಕಾಡಿನಲ್ಲಿ ಸ್ಥಾವರ ಬೇಡವೆಂದು ಜನ ಎದ್ದು ನಿಂತರು. ಡಾ. ಶಿವರಾಮ ಕಾರಂತರು ಆ ಹೋರಾಟದ ಮುಂಚೂಣಿಯಲ್ಲಿದ್ದರು. ಪರಿಸರದ ಪ್ರಶ್ನೆಯನ್ನೇ ಹಿಡಿದು 1989ರಲ್ಲಿ ಕೆನರಾ ಕ್ಷೇತ್ರದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ಒಂದೇ ನಾಡಿನ ಇಬ್ಬರು ಹಿರಿಯರು, ಒಬ್ಬರು ಪರಮಾಣು ಶಕ್ತಿಯ ಪರ, ಇನ್ನೊಬ್ಬರು ವಿರುದ್ಧ. ಇಬ್ಬರಿಗೂ ನಾಡಿನ ಹಿತವೇ ಮುಖ್ಯವಾಗಿತ್ತು.

ಮುಂದೆ ನಡೆದದ್ದು ಇಬ್ಬರ ಮಾತಿನಲ್ಲೂ ಹುರುಳಿತ್ತೆಂದು ತೋರಿಸುತ್ತದೆ. 1994ರ ಮೇ ತಿಂಗಳಲ್ಲಿ, ನಿರ್ಮಾಣ ಹಂತದಲ್ಲಿದ್ದ ಮೊದಲ ಘಟಕದ ಒಳಗುಮ್ಮಟದ ಕಾಂಕ್ರೀಟ್ ಕಳಚಿ ಬಿದ್ದು ಕಾರ್ಮಿಕರು ಗಾಯಗೊಂಡರು. ವಿನ್ಯಾಸವನ್ನು ತಿದ್ದಿ ಮತ್ತೆ ಕಟ್ಟಬೇಕಾಯಿತು. 2000ದಲ್ಲಿ ಎರಡು ಘಟಕಗಳು, 2007 ಮತ್ತು 2011ರಲ್ಲಿ ಇನ್ನೆರಡು ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಪ್ರತಿಯೊಂದರ ಸಾಮರ್ಥ್ಯ 220 ಮೆಗಾವಾಟ್. ಗುಮ್ಮಟ ಕುಸಿದಿದ್ದ ಆ ಮೊದಲ ಘಟಕವೇ 2016ರಿಂದ 2018ರ ಕೊನೆಯವರೆಗೆ 962 ದಿನ ನಿಲ್ಲದೆ ನಡೆದು ಅಂದಿನ ವಿಶ್ವದಾಖಲೆ ಮಾಡಿತು.

ನಿವೃತ್ತಿಯ ನಂತರ ರಾಮಣ್ಣನವರು ಬೆಂಗಳೂರಿನಲ್ಲಿ ಜೆ.ಆರ್.ಡಿ. ಟಾಟಾ ಅವರ ಆಶಯದಂತೆ ಸ್ಥಾಪನೆಯಾದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಮೊದಲ ನಿರ್ದೇಶಕರಾದರು. ವಿಜ್ಞಾನಿ, ಕಲಾವಿದ, ಆಡಳಿತಗಾರರು ಒಂದೆಡೆ ಕೂತು ಮಾತನಾಡಲೆಂಬುದು ಅದರ ಉದ್ದೇಶ. 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರದಲ್ಲಿ ರಕ್ಷಣಾ ಖಾತೆಯ ರಾಜ್ಯ ಸಚಿವರಾಗಿದ್ದರು. 1997ರಿಂದ 2003ರವರೆಗೆ ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರು. 1975ರಲ್ಲೇ ಪದ್ಮವಿಭೂಷಣ ಬಂದಿತ್ತು. ಇಷ್ಟರ ನಡುವೆಯೂ ಪಿಯಾನೊ ಬಿಡಲಿಲ್ಲ. ಭಾರತೀಯ ರಾಗ ಮತ್ತು ಪಾಶ್ಚಾತ್ಯ ಸಂಗೀತದ ರಚನೆಯನ್ನು ಹೋಲಿಸಿ ಪುಸ್ತಕವನ್ನೂ ಬರೆದರು. 2004ರ ಸೆಪ್ಟೆಂಬರ್ 24ರಂದು ಮುಂಬೈಯಲ್ಲಿ, 79ನೇ ವಯಸ್ಸಿನಲ್ಲಿ ನಿಧನರಾದರು. ಮರುವರ್ಷ ಇಂದೋರಿನ ಸುಧಾರಿತ ತಂತ್ರಜ್ಞಾನ ಕೇಂದ್ರಕ್ಕೆ ಅವರ ಹೆಸರಿಡಲಾಯಿತು.

ರಾಮಣ್ಣನವರನ್ನು ಬಾಂಬಿನ ಕಾರಣಕ್ಕೆ ಹೊಗಳುವವರಿದ್ದಾರೆ, ಅದೇ ಕಾರಣಕ್ಕೆ ದೂರುವವರೂ ಇದ್ದಾರೆ. ಅವರ ಬದುಕನ್ನು ಮಕ್ಕಳಿಗೆ ಹೇಳುವಾಗ ಯಾವುದನ್ನೂ ಮುಚ್ಚಿಡಬೇಕಾಗಿಲ್ಲ. ತುಮಕೂರಿನ ಹುಡುಗ ಕಷ್ಟದ ವಿದ್ಯೆ ಕಲಿತು ಸಾವಿರಾರು ಮಂದಿಗೆ ಆ ದಾರಿ ತೋರಿದರೆಂದು ಹೇಳೋಣ. ಆ ವಿದ್ಯೆ ದೀಪವನ್ನೂ ಬಾಂಬನ್ನೂ ಕೊಟ್ಟಿತೆಂದೂ ಹೇಳೋಣ. ಕೈಗಾ ಮತ್ತು ಕದ್ರಾ ಅಣೆಕಟ್ಟಿಗಾಗಿ ಮನೆ ಹೊಲ ಬಿಟ್ಟುಹೋದ ಕುಟುಂಬಗಳು ನಮ್ಮ ಜಿಲ್ಲೆಯಲ್ಲೇ ಇವೆ. ಘಟ್ಟದ ಮೇಲೆ ಸಂಜೆ ದೀಪ ಹಚ್ಚುವವರು ಅವರನ್ನೂ ನೆನೆಯುವಂತಾದರೆ, ಆ ವಿಜ್ಞಾನಿಯ ಕೆಲಸದ ಪೂರ್ತಿ ಲೆಕ್ಕ ತಿಳಿದಂತಾಗುತ್ತದೆ.