ಕಾರಿನ ಹೊಟ್ಟೆಯಡಿಯ ಗಾಳಿಯನ್ನು ಗಮನಿಸಿದ ಪಾಲ್ ಯಾರೈ

ಮಕ್ಕಳೇ, ಕಾರನ್ನು ನೀವು ಮುಂದಿನಿಂದ, ಪಕ್ಕದಿಂದ ಎಷ್ಟೋ ಸಲ ನೋಡಿದ್ದೀರಿ. ಅದರ ಅಡಿಭಾಗ ಹೇಗಿರುತ್ತದೆ ಗೊತ್ತೆ? ಹಲವು ಕಾರುಗಳಲ್ಲಿ ಹೊಗೆಕೊಳವೆ, ಚಕ್ರದ ಅಚ್ಚು, ಕಬ್ಬಿಣದ ಪಟ್ಟಿಗಳು ಅಲ್ಲಿ ಜೋತುಬಿದ್ದಂತೆ ಕಾಣುತ್ತವೆ. ಕಾರು ವೇಗವಾಗಿ ಓಡುವಾಗ ಅಡಿಯಲ್ಲಿ ನುಗ್ಗುವ ಗಾಳಿ ಇವುಗಳಿಗೆ ಬಡಿದು ಸುಳಿಯಾಗುತ್ತದೆ, ಕಾರನ್ನು ಹಿಂದಕ್ಕೆ ಎಳೆಯುತ್ತದೆ. ಆ ಎಳೆತವನ್ನು ಮೀರಲು ಎಂಜಿನ್ ಹೆಚ್ಚು ಪೆಟ್ರೋಲ್ ಸುಡಬೇಕು.

ಈ ಗಾಳಿಯ ಬಗ್ಗೆ ಬಹಳ ಹಿಂದೆಯೇ ತಲೆ ಕೆಡಿಸಿಕೊಂಡವರು ಪಾಲ್ ಯಾರೈ. 1889ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಅವರು, ಜರ್ಮನಿಯ ಫ್ರೀಡ್ರಿಕ್ಸ್‌ಹಾಫೆನ್‌ನಲ್ಲಿದ್ದ ಜೆಪ್ಪೆಲಿನ್ ಕಾರ್ಖಾನೆಯಲ್ಲಿ ಎಂಜಿನಿಯರ್ ಆದರು. ಅಲ್ಲಿ ಅನಿಲ ತುಂಬಿದ ದೊಡ್ಡ ವಾಯುನೌಕೆಗಳನ್ನು ಕಟ್ಟುತ್ತಿದ್ದರು. ಮೊದಮೊದಲು ಅವು ಪೆನ್ಸಿಲಿನಂತೆ ಉದ್ದಕ್ಕೆ ಇದ್ದವು. ಮುಂದೆ ದುಂಡಗೆ, ಹಿಂದೆ ಚೂಪಾಗಿ, ಮೀನಿನಂತಿದ್ದರೆ ಗಾಳಿ ಸರಾಗವಾಗಿ ಜಾರುತ್ತದೆ ಎಂದು ಯಾರೈ ಕಂಡುಕೊಂಡರು. ಹೀಗೆ ರೂಪಿಸಿದ ‘ಬೋಡೆನ್ಸೀ’ 1919ರಲ್ಲಿ ಗಂಟೆಗೆ ಸುಮಾರು 130 ಕಿಲೋಮೀಟರ್ ವೇಗದಲ್ಲಿ ಹಾರಿತು.

ಆದರೆ ಮೊದಲ ಮಹಾಯುದ್ಧದಲ್ಲಿ ಜರ್ಮನಿ ಸೋತಿತ್ತು. ವಾಯುನೌಕೆ ಕಟ್ಟುವುದಕ್ಕೆ ನಿರ್ಬಂಧ ಬಂತು. ‘ಬೋಡೆನ್ಸೀ’ಯನ್ನೂ 1921ರಲ್ಲಿ ಇಟಲಿಗೆ ಒಪ್ಪಿಸಬೇಕಾಯಿತು. ಯಾರೈ ಕಾರಿನತ್ತ ತಿರುಗಿದರು.

ಮೀನಿನ ಆಕಾರವನ್ನೇ ಕಾರಿಗೂ ಕೊಟ್ಟರೆ ಸಾಕಲ್ಲವೆ? ಸಾಲದು! ಆಕಾಶದಲ್ಲಿ ಗಾಳಿ ಎಲ್ಲ ಕಡೆಯೂ ಸಮನಾಗಿ ಹರಿಯುತ್ತದೆ. ನೆಲದ ಹತ್ತಿರ ಹಾಗಲ್ಲ. ದುಂಡು ಹೊಟ್ಟೆಗೂ ರಸ್ತೆಗೂ ನಡುವೆ ಗಾಳಿ ಇಕ್ಕಟ್ಟಿಗೆ ಸಿಕ್ಕಿ, ಹರಿವು ಕೆಡುತ್ತದೆ, ಎಳೆತ ಹೆಚ್ಚುತ್ತದೆ.

ಯಾರೈ ಹೂಡಿದ ಉಪಾಯ ಸೊಗಸಾದುದು. ಸೌತೆಕಾಯಿಯನ್ನು ಉದ್ದಕ್ಕೆ ಸೀಳಿ, ಒಂದು ಹೋಳನ್ನು ಕನ್ನಡಿಯ ಮೇಲೆ ಬೋರಲಾಗಿ ಇಡಿ. ಕನ್ನಡಿಯೊಳಗಿನ ಬಿಂಬವೂ ಸೇರಿ ಇಡೀ ಕಾಯಿ ಕಾಣುತ್ತದೆ. ಹಾಗೆಯೇ ಅರ್ಧ ಮೀನಿನ ಆಕಾರಕ್ಕೆ ನೆಲವೇ ಕನ್ನಡಿ! ಆದರೆ ಚಕ್ರ ಉರುಳಬೇಕಲ್ಲ, ಕಾರು ನೆಲಕ್ಕೆ ಅಂಟಿಕೊಂಡಿರಲಾಗದು. ಆದ್ದರಿಂದ ಅದನ್ನು ಸ್ವಲ್ಪ ಮೇಲೆತ್ತಿ, ಅಡಿಯನ್ನು ಚಪ್ಪಟೆಯಾಗಿಸಿ, ಅಂಚುಗಳನ್ನು ದುಂಡಗೆ ಮಾಡಿದರು. ಗಾಳಿಸುರಂಗದಲ್ಲಿ, ಅಂದರೆ ಫ್ಯಾನಿನಿಂದ ಗಾಳಿ ಹಾಯಿಸುವ ಕೊಳವೆಯಲ್ಲಿ, 1922ರ ಹೊತ್ತಿಗೆ ಮಾದರಿಗಳ ಪರೀಕ್ಷೆ ನಡೆಯಿತು. ಎಳೆತವು ಅಂದಿನ ಪೆಟ್ಟಿಗೆಯಂಥ ಕಾರುಗಳ ಅರ್ಧದಷ್ಟೂ ಇರಲಿಲ್ಲ.

ಆದರೂ ಕಾರು ತಯಾರಕರು ಹಿಂಜರಿದರು. ಆ ಆಕಾರ ಅವರ ಕಣ್ಣಿಗೆ ವಿಚಿತ್ರವಾಗಿತ್ತು. ಕೊನೆಗೆ 1934ರಲ್ಲಿ ಚೆಕೊಸ್ಲೊವಾಕಿಯಾದ ಟಾಟ್ರಾ ಕಂಪನಿ ಯಾರೈ ಅವರ ವಿಧಾನವನ್ನು ಬಳಸಿ ‘ಟಾಟ್ರಾ 77’ ಕಾರನ್ನು ಹೊರತಂದಿತು.

1973ರಲ್ಲಿ ತೈಲದ ಬೆಲೆ ಏರಿದಾಗ ಪೆಟ್ರೋಲ್ ಉಳಿಸುವ ಚಿಂತೆ ಎಲ್ಲ ಕಂಪನಿಗಳಿಗೂ ಹತ್ತಿಕೊಂಡಿತು. ಮರುವರ್ಷವೇ ಯಾರೈ ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡರು.