ಏಳು ಬೀಜಗಳ ಸಂತ ಹಜರತ್ ಬಾಬಾ ಬುಡನ್



ನಮ್ಮ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಭಾಗದಲ್ಲಿ ಚಹಾ ಕುಡಿಯುವವರೇ ಹೆಚ್ಚು. ಆದರೂ ಮದುವೆ ಮನೆಯಲ್ಲೋ, ಬಸ್ ನಿಲ್ದಾಣದ ಹೋಟೆಲಿನಲ್ಲೋ ನೀವು ಕಾಫಿಯ ರುಚಿ ನೋಡಿರುತ್ತೀರಿ. ಈ ಕಾಫಿ ಗಿಡವನ್ನು ನಮ್ಮ ನಾಡಿಗೆ ತಂದವರು ಒಬ್ಬ ಸೂಫಿ ಸಂತರು ಎಂಬುದು ನಿಮಗೆ ಗೊತ್ತೇ? ಅವರೇ ಹಜರತ್ ಬಾಬಾ ಬುಡನ್.

ಕಾಫಿಯ ತವರು ಆಫ್ರಿಕಾದ ಇಥಿಯೋಪಿಯ. ಅಲ್ಲಿಂದ ಅದು ಕೆಂಪು ಸಮುದ್ರ ದಾಟಿ ಯೆಮನ್ ಸೇರಿತು. 15ನೇ ಶತಮಾನದಲ್ಲಿ ಯೆಮನ್ ದೇಶದ ಸೂಫಿಗಳು ರಾತ್ರಿಯ ಜಿಕ್ರ್ ವೇಳೆ ನಿದ್ದೆ ಬಾರದಿರಲೆಂದು ಕಹ್ವಾ ಕುಡಿಯುತ್ತಿದ್ದರು. 1511ರಲ್ಲಿ ಮಕ್ಕಾದ ಅಧಿಕಾರಿಯೊಬ್ಬನು ಇದನ್ನು ನಿಷೇಧಿಸಿದರೂ ಆ ನಿಷೇಧ ಬಹುಕಾಲ ನಿಲ್ಲಲಿಲ್ಲ. ಇಂದಿಗೂ ಯೆಮನಿನವರು ಕಾಫಿ ಹಣ್ಣಿನ ಒಣ ಸಿಪ್ಪೆಗೆ ಶುಂಠಿ ಹಾಕಿ ಕಿಶ್ರ್ ಮಾಡುತ್ತಾರೆ. ಅರಬರು ಏಲಕ್ಕಿ ಬೆರೆಸುತ್ತಾರೆ. ತುರ್ಕಿಯವರು ನುಣ್ಣನೆಯ ಪುಡಿಯನ್ನು ಪುಟ್ಟ ಪಾತ್ರೆಯಲ್ಲಿ ಕಾಯಿಸಿ ಸೋಸದೆ ಕೊಡುತ್ತಾರೆ. ಇಥಿಯೋಪಿಯದಲ್ಲಿ ಅತಿಥಿಯ ಎದುರಿನಲ್ಲೇ ಬೀಜ ಹುರಿದು, ಕುಟ್ಟಿ, ಮೂರು ಸಲ ಕೊಡುವುದು ಪದ್ಧತಿ. ನಮ್ಮಲ್ಲಿ ಡಿಕಾಕ್ಷನ್‌ಗೆ ಹಾಲು, ಸಕ್ಕರೆ ಸೇರಿದರೆ ಕಾಫಿ.

ಆ ಕಾಲದಲ್ಲಿ ಕಾಫಿ ವ್ಯಾಪಾರ ಯೆಮನಿನ ಮೋಖಾ ಬಂದರಿನ ಕೈಯಲ್ಲಿತ್ತು. ಬೇರೆ ನಾಡಿನಲ್ಲಿ ಮೊಳೆಯಬಾರದೆಂದು ಬೀಜವನ್ನು ಹುರಿದೋ ಬೇಯಿಸಿಯೋ ಮಾರುತ್ತಿದ್ದರಂತೆ. ಬಾಬಾ ಬುಡನ್ ಅವರ ಬಾಳಿನ ಬಗ್ಗೆ ನಮಗೆ ದೊರೆತಿರುವುದು ಹೆಚ್ಚಾಗಿ ಬಾಯಿಂದ ಬಾಯಿಗೆ ಬಂದ ಮಾತು. ಅದರಂತೆ ಅವರು ಹಜ್ ಯಾತ್ರೆ ಮುಗಿಸಿ ಮರಳುವಾಗ ಮೋಖಾದಿಂದ ಏಳು ಹಸಿ ಬೀಜಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬಂದರು. ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ತಮ್ಮ ವಾಸಸ್ಥಾನದ ಬಳಿ ಅವನ್ನು ಬಿತ್ತಿದರು. ಇದು ನಡೆದದ್ದು 1600ರ ಸುಮಾರಿಗೆ ಎಂದು ಕೆಲವರು, 1670ರಲ್ಲಿ ಎಂದು ಹಲವರು ಹೇಳುತ್ತಾರೆ.

ಬಚ್ಚಿಟ್ಟು ತಂದದ್ದು ಕಳ್ಳತನವಲ್ಲವೇ ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಯೋಚಿಸಿ ನೋಡಿ. ಅವರು ತಂದದ್ದು ಮೂಟೆಯಲ್ಲ, ಏಳೇ ಏಳು ಬೀಜ. ಅದರಿಂದ ಅವರು ಸಿರಿವಂತರಾದರೆಂದು ಯಾವ ಕಥೆಯೂ ಹೇಳುವುದಿಲ್ಲ. ಅಲ್ಲಾಹನು ಮಣ್ಣಿನಲ್ಲಿ ಬೆಳೆಸುವ ಗಿಡವನ್ನು ಒಂದೇ ಬಂದರಿನವರು ಬೀಗ ಹಾಕಿ ಇಟ್ಟುಕೊಳ್ಳುವುದು ಎಷ್ಟು ಸರಿ ಎಂಬ ಪ್ರಶ್ನೆಯೂ ಇದರ ಜೊತೆಗೇ ಏಳುತ್ತದೆ. ಗಿಡ ನೆಟ್ಟು ಅದರ ಫಲ ಇತರರಿಗೆ ದೊರೆಯುವಂತೆ ಮಾಡುವುದು ಸದಖಾ ಎಂಬುದನ್ನು ನೀವು ಮದ್ರಸಾದಲ್ಲಿ ಕಲಿತಿದ್ದೀರಿ. ಎರಡನ್ನೂ ತೂಗಿ ನೀವೇ ತೀರ್ಮಾನಿಸಿ.

ಆ ಬೆಟ್ಟಕ್ಕೆ ಇಂದು ಅವರದೇ ಹೆಸರು, ಬಾಬಾ ಬುಡನ್‌ಗಿರಿ. 1696ರಲ್ಲಿ ಡಚ್ಚರು ನಮ್ಮ ಮಲಬಾರ್ ಕರಾವಳಿಯಿಂದ ಕಾಫಿ ಸಸಿಗಳನ್ನು ಜಾವಾಕ್ಕೆ ಒಯ್ದರು. ಅವು ನಾಶವಾದಾಗ 1699ರಲ್ಲಿ ಮತ್ತೆ ಒಯ್ದರು. ಇಂದು ಭಾರತದ ಕಾಫಿಯಲ್ಲಿ ಶೇಕಡಾ 70ರಷ್ಟು ಕರ್ನಾಟಕದ್ದೇ. 2019ರಲ್ಲಿ ಬಾಬಾ ಬುಡನ್‌ಗಿರಿ ಅರೇಬಿಕಾ ಕಾಫಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು.

ಬೆಟ್ಟದ ಗುಹೆಯನ್ನು ಮುಸ್ಲಿಮರು ದಾದಾ ಹಯಾತ್ ಮೀರ್ ಕಲಂದರರ ಸ್ಥಳವೆಂದೂ, ಹಿಂದೂಗಳು ಗುರು ದತ್ತಾತ್ರೇಯರ ಸ್ಥಳವೆಂದೂ ಗೌರವಿಸುತ್ತಾ ಬಂದಿದ್ದಾರೆ. ಶಿಶುನಾಳ ಶರೀಫರ ತಾಲ್ಲೂಕಿನ ಪಕ್ಕದಲ್ಲೇ ಬೆಳೆದ ನಮಗೆ ಇದು ಹೊಸದಲ್ಲ. ಆ ಗುಹೆಯ ಬಗ್ಗೆ ವಿವಾದಗಳೂ ಎದ್ದಿವೆ, ನ್ಯಾಯಾಲಯದ ಮೆಟ್ಟಿಲನ್ನೂ ಏರಿವೆ. ಆದರೆ ಬೆಟ್ಟದ ಕಾಫಿಯನ್ನು ಎಲ್ಲರೂ ಒಂದೇ ಲೋಟದಲ್ಲಿ ಕುಡಿಯುತ್ತಾರೆ.

ವಿದ್ಯಾರ್ಥಿಗಳೇ, ನಾಳೆ ನೀವು ಓದಲು, ದುಡಿಯಲು ದೂರದ ಊರುಗಳಿಗೆ ಹೋಗುತ್ತೀರಿ. ಮರಳುವಾಗ ಏನು ತರುತ್ತೀರಿ? ಮುಷ್ಟಿಯಷ್ಟೇ ಇರಲಿ, ಊರಿನ ಮಣ್ಣಿನಲ್ಲಿ ಮೊಳೆಯುವಂಥದ್ದನ್ನು ತನ್ನಿ.